ಬಲೆಯ ಹಿಂದಿನ ಮಂಗಳವಾರ

ಸರ್ ಎಂದು ಒಂದು ಸಣ್ಣ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಊರು ಮಲಗಿ ಬಹಳ ಹೊತ್ತಾಗಿತ್ತು. ಸುಶೀಲವ್ವ ಹಾಸಿಗೆಯಲ್ಲೇ ಕಿವಿಗೊಟ್ಟು ಕೇಳಿದಳು. ಇಲಿಯಾದರೆ ಇಷ್ಟು ನಿಧಾನವಾಗಿ ಓಡಾಡುವುದಿಲ್ಲ. ಕಳ್ಳನಾದರೆ ಇಷ್ಟು ಹೊತ್ತು ಒಂದೇ ಕಡೆ ಕೂರುವುದಿಲ್ಲ. ಹಾನಗಲ್ಲಿನ ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿದ್ದರೂ ಮಲಗುವ ಮುಂಚೆ ಬಾಗಿಲ ಅಗಳಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡುವ ಸ್ವಭಾವ ಅವಳದು. ಗಂಡನನ್ನು ಎಬ್ಬಿಸದೆ, ಗೋಡೆ ಹಿಡಿದುಕೊಂಡು ಅಡುಗೆಮನೆಯ ತನಕ ಹೋಗಿ ಇಣುಕಿದಳು.

ಒಲೆಯ ಪಕ್ಕದಲ್ಲಿ ಚಿಮಣಿ ಬುಡ್ಡಿ ಇಟ್ಟುಕೊಂಡು ಅತ್ತೆ ಹೊನ್ನವ್ವ ಕೂತಿದ್ದರು. ತೊಡೆಯ ಮೇಲೆ ಅಂಗಡಿಯಿಂದ ಸಕ್ಕರೆ, ಬೇಳೆ, ಜೀರಿಗೆ ಕಟ್ಟಿಸಿಕೊಂಡು ಬಂದ ಕಾಗದಗಳ ಸಣ್ಣ ಕಂತೆ. ಒಂದೊಂದನ್ನೇ ಅಂಗೈಯಿಂದ ನೀವಿ ಸಪಾಟು ಮಾಡಿ, ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು.

"ಅತ್ಯಾರ?"

ಹೊನ್ನವ್ವ ಗಕ್ಕನೆ ಕಾಗದಗಳ ಮೇಲೆ ಸೆರಗು ಎಳೆದುಕೊಂಡರು. ಆಮೇಲೆ, ಸಿಕ್ಕಿಬಿದ್ದ ಮೇಲೆ ಇನ್ನೇನು ಎಂಬಂತೆ ನಕ್ಕುಬಿಟ್ಟರು. "ನಿನ್ನ ಗಂಡ ಮಾಲಿಂಗ ಸಾಲಿಗೆ ಹೋಗೂ ಮುಂದ ಅವನ ಜೋಡಿ ನಾನೂ ಕಲ್ತೆ ಬೇ. ರೊಟ್ಟಿ ಬಡಕೋತ, ಅವ ಒದರೂದು ಕೇಳಕೋತ. ನಿಮ್ಮ ಮಾವಗೂ ಹೇಳಿದ್ದಿಲ್ಲ."

"ಏನ ಓದಾಕತ್ತೀರಿ?"

"ಅದನ್ನ ಏನ ಕೇಳತಿ. ಒಬ್ಬಾಕಿ ಸಿಟ್ಟಾಗಿ ಗಂಡನ ಮನಿ ಬಿಟ್ಟು ಹೊಂಟಾಳ. ಹೊಳಿ ದಂಡಿಗೆ ಬಂದಾಳ. ಹೊಳಿ ತುಂಬಿ ಹರಿಯಾಕತ್ತೈತಿ. ಅಲ್ಲಿಗೆ ಕಾಗದ ಹರದೈತಿ! ಮುಂದಿನ ಹಾಳಿ ಆ ಅಂಗಡಿಯಾವ ಯಾರ ಮನಿಗೆ ಬೆಲ್ಲ ಕಟ್ಟಿ ಕೊಟ್ಟಾನೋ ಏನೋ. ಹ್ವಾದ ದೀವಳಿಗಿಯಿಂದ ಆಕಿ ಹೊಳಿ ದಂಡ್ಯಾಗ ನಿಂತಾಳ, ಪಾಪ. ದಾಟಿದ್ಲೋ, ತಿರುಗಿ ಬಂದ್ಲೋ."

ಸುಶೀಲವ್ವ ಹಾಸಿಗೆಗೆ ಮರಳಿದಳಾದರೂ ಆ ಹೊಳೆಯ ದಂಡೆ ಅವಳ ಕಣ್ಣ ಮುಂದಿನಿಂದ ಹೋಗಲಿಲ್ಲ. ಅವಳು ಧಾರವಾಡದ ಕಾಲೇಜಿನಲ್ಲಿ ಎರಡು ವರ್ಷ ಓದಿದವಳು. ಕಥೆಯ ಮುಂದಿನ ಹಾಳೆ ಇರುತ್ತದೆಯೋ ಇಲ್ಲವೋ ಎಂಬ ಯೋಚನೆಯೇ ಅವಳಿಗೆ ಎಂದೂ ಬಂದಿರಲಿಲ್ಲ.

ಅದು ಮೂವತ್ತಾರನೆಯ ಇಸವಿ. ಹಾನಗಲ್ಲಿನ ಪೇಟೆಯಲ್ಲಿ ಸಾರ್ವಜನಿಕ ವಾಚನಾಲಯಕ್ಕೆ ಹೊಸ ಕಟ್ಟಡ ಏಳುತ್ತಿತ್ತು. ಹಳೆಯದು ಒಂದು ಇಕ್ಕಟ್ಟಿನ ಕೋಣೆ. ಗಂಡಸರು ಕೂತು ಪತ್ರಿಕೆ ಓದಿ, ಜಗಳಾಡಿ, ಎಲೆ ಅಡಿಕೆ ಉಗುಳಿ ಎದ್ದು ಹೋಗುವ ಜಾಗ. ಹೆಂಗಸರು ಅದರ ಮುಂದಿನಿಂದ ನಡೆಯುವಾಗ ಸೆರಗು ಸರಿಮಾಡಿಕೊಂಡು ಹೆಜ್ಜೆ ಚುರುಕು ಮಾಡುತ್ತಿದ್ದರು. ಹೊಸದರ ಕಾರ್ಯದರ್ಶಿ ಸುಶೀಲವ್ವನ ಗಂಡ ಮಹಾಲಿಂಗಪ್ಪ. ಅಧ್ಯಕ್ಷರು ಊರಿನ ದೊಡ್ಡ ಜಮೀನುದಾರ ಕರಬಸಪ್ಪನವರು. ದನಿ ದೊಡ್ಡದು, ಕೈ ಉದಾರ. ಆದರೆ ಯಾವ ಹೊಸ ಮಾತು ಎತ್ತಿದರೂ ಅವರ ಪ್ರಶ್ನೆ ಒಂದೇ: "ಎಲ್ಲಿ ನಡದೈತಿ?" ಶಿಗ್ಗಾಂವಿಯಲ್ಲಿ ನಡೆದಿದೆ ಎಂದರೆ ಯೋಚಿಸುವರು. ಸವಣೂರಿನಲ್ಲಿ ನಡೆದಿದೆ ಎಂದರೆ ಬೇಗ ಒಪ್ಪುವರು. ಹಿರೇಕೆರೂರಿನಲ್ಲಿ ಎಂದರೆ, "ಅವರಿಗೇನ ತಿಳೀತೈತಿ" ಎಂದು ಎದ್ದುಬಿಡುವರು. ಎಲ್ಲಿಯೂ ನಡೆಯದ್ದನ್ನು ಹಾನಗಲ್ಲು ಮೊದಲು ಮಾಡಿತು ಎಂಬ ಅಪವಾದ ಅವರಿಗೆ ಬೇಕಿರಲಿಲ್ಲ.

ಒಂದು ಸಂಜೆ ಕಮಿಟಿಯವರು ಮಹಾಲಿಂಗಪ್ಪನ ಪಡಸಾಲೆಯಲ್ಲಿ ಸೇರಿದರು. ಕಟ್ಟಡ ಮುಗಿಯುತ್ತ ಬಂದಿತ್ತು, ಅದನ್ನು ನಡೆಸುವ ರೀತಿ ನೀತಿ ಯಾರಿಗೂ ತಿಳಿದಿರಲಿಲ್ಲ.

"ನಮ್ಮ ಮನ್ಯಾಕಿ ಅಳಿವೆಕೋಟೆಯಾಗ ಬೆಳದಾಕಿ," ಎಂದ ಮಹಾಲಿಂಗಪ್ಪ. "ಅಲ್ಲೆ ಎರಡು ವಾಚನಾಲಯ ಇದ್ದುವಂತ."

ಅಳಿವೆಕೋಟೆ ಘಟ್ಟದ ಕೆಳಗಿನ ಸಮುದ್ರದ ದಂಡೆಯ ಊರು. ಹಾನಗಲ್ಲಿನವನೇ ಆದ ಸುಶೀಲವ್ವನ ಅಪ್ಪ ಅಲ್ಲಿ ಅಕ್ಕಿ ಬೇಳೆಯ ಅಂಗಡಿ ಇಟ್ಟಿದ್ದ. ಈಗ ಅಪ್ಪನೂ ಇಲ್ಲ, ಅಂಗಡಿಯೂ ಇಲ್ಲ. ಆದರೆ ಸಮುದ್ರ ಎಂಬ ಮಾತಿಗೆ ಕರಬಸಪ್ಪನವರು ನೆಟ್ಟಗೆ ಕೂತರು. ಮುಂಬಯಿಯ ಸುದ್ದಿ ಹಡಗಿನಲ್ಲಿ ಬಂದು ಇಳಿಯುವ ಊರು. ಅಲ್ಲಿ ನಡೆದದ್ದಕ್ಕೆ ಸವಣೂರಿಗಿಂತಲೂ ಹೆಚ್ಚು ತೂಕ.

"ಹೇಳವಾ ತಂಗಿ, ಅಲ್ಲೆ ಕುಂತ ಹೇಳು," ಎಂದರು ಒಳಬಾಗಿಲ ಕಡೆಗೆ.

ಸುಶೀಲವ್ವ ಬಾಗಿಲ ಮರೆಯಲ್ಲಿ ಕೂತು, ತನ್ನ ಪದ್ಧತಿಯಂತೆ ಮಾತನ್ನು ಆರಿಸಿ ಆರಿಸಿ ಹೇಳತೊಡಗಿದಳು. ಅಲ್ಲಿಯ ಮೊದಲ ವಾಚನಾಲಯ ಹುಟ್ಟಿದ್ದು ಬಂದರಿನ ಉಪ್ಪಿನ ಉಗ್ರಾಣದಲ್ಲಿ. ಹಡಗಿಗೆ ಕಾಯುವ ಮಂದಿ ಬೇಸರ ಕಳೆಯಲು ಹಳೆಯ ಪತ್ರಿಕೆಗಳನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದರು. ಉಪ್ಪಿನ ಗಾಳಿಗೆ ಕಾಗದವೆಲ್ಲ ಸದಾ ಪಸೆ. ಮಳೆಗಾಲದಲ್ಲಿ ಪುಸ್ತಕಗಳನ್ನು ಹುರಿದ ಭತ್ತದ ಹೊಟ್ಟಿನ ನಡುವೆ ಇಡುತ್ತಿದ್ದರು. ಕೆಲವು ವರ್ಷಗಳ ಮೇಲೆ ಜಗಳ ಬಂತು. ಗಟ್ಟಿಯಾಗಿ ಓದಬೇಕು ಎನ್ನುವವರು ಉಗ್ರಾಣದಲ್ಲೇ ಉಳಿದರು; ಮನಸ್ಸಿನಲ್ಲಿ ಓದಬೇಕು ಎನ್ನುವವರು ಒಬ್ಬ ವರ್ತಕನ ಮಾಳಿಗೆಯ ಮೇಲೆ ಬೇರೆ ವಾಚನಾಲಯ ಮಾಡಿದರು. ಊರವರು ಒಂದನ್ನು ಬಾಯಿಯ ವಾಚನಾಲಯ, ಇನ್ನೊಂದನ್ನು ಮೂಗರ ವಾಚನಾಲಯ ಎಂದು ಕರೆದರು. ಬಾಯಿಯವರು ಮೂಗರ ಬೀದಿಯಲ್ಲಿ ಬೇಕೆಂದೇ ಕೆಮ್ಮಿಕೊಂಡು ಹೋಗುವರು. ಕೊನೆಗೆ ಒಂದು ಮಳೆಗಾಲ ಉಗ್ರಾಣದ ಹೆಂಚು ಹಾರಿಹೋದಾಗ ಮೂಗರೇ ಬಂದು ಬಾಯಿಯವರ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಮಾಳಿಗೆಗೆ ಒಯ್ದರು. ಆಮೇಲೆ ಎರಡೂ ಕೂಡಿ ಒಂದಾಯಿತು. ಬೆಳಗಿಗೆ ಬಾಯಿ, ಸಂಜೆಗೆ ಮೌನ.

ಪಡಸಾಲೆ ಹೊಟ್ಟೆ ತುಂಬ ನಕ್ಕಿತು. "ಭೇಷ್! ನಮ್ಮಲ್ಲೂ ಹಂಗ ಮಾಡೂಣು," ಎಂದರು ಕರಬಸಪ್ಪ.

ಇಷ್ಟೂ ನಿಜ. ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವಳ ಬೆನ್ನ ಹಿಂದೆ, ಒಲೆಯ ಮುಂದೆ ಹೊನ್ನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಆ ಸದ್ದು ನಿಂತದ್ದು ಸುಶೀಲವ್ವನಿಗೆ ತಿಳಿಯಿತು.

"ಮತ್ತ ಮಂಗಳವಾರ ಮಧ್ಯಾಹ್ನ," ಎಂದಳು, "ಹೆಣ್ಮಕ್ಕಳಿಗೆ ಬಿಟ್ಟಿರ್ತಾರ್ರಿ."

ಇದು ಶುದ್ಧ ಸುಳ್ಳು. ಅಳಿವೆಕೋಟೆಯ ವಾಚನಾಲಯದ ಮೆಟ್ಟಿಲನ್ನು ಯಾವ ಹೆಣ್ಣೂ ಹತ್ತಿರಲಿಲ್ಲ. ಅವಳೂ ಓದಿದ್ದು ಅಪ್ಪ ಟವಲಿನಲ್ಲಿ ಸುತ್ತಿ ತರುತ್ತಿದ್ದ ಪುಸ್ತಕಗಳನ್ನು.

ಕರಬಸಪ್ಪ ಒಳಬಾಗಿಲ ಕಡೆಗೆ ತಿರುಗಿದರು. "ಹೆಣ್ಮಕ್ಕಳಿಗೆ? ಯಾವ ಮಂದಿ ಹೆಣ್ಮಕ್ಕಳು?"

"ಎಲ್ಲಾರೂರಿ. ನಮ್ಮವರು, ಸಾಬರು, ಬ್ರಾಹ್ಮಣರು."

"ಗೋಷಾದವರು ಹೆಂಗ ಕುಂದರತಾರ? ಪರದೆ ಕಟ್ಟತಾರೇನು?" ಇದನ್ನು ಕೇಳಿದವನು ಕಮಿಟಿಯಲ್ಲಿದ್ದ ಕಟ್ಟಿಗೆ ವ್ಯಾಪಾರಿ ಕರೀಮಸಾಬ.

ಪರದೆ ಎಂದರೆ ಕತ್ತಲು; ಕತ್ತಲಲ್ಲಿ ಓದುವುದು ಹೇಗೆ? ಸುಶೀಲವ್ವ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿಗೆ ಕಂಡದ್ದು ದಂಡೆಯ ಉದ್ದಕ್ಕೂ ಒಣಹಾಕಿದ ಬಲೆಗಳು.

"ಬಲಿ ಕಟ್ಟತಾರ್ರಿ. ಮೀನದ ಬಲಿ, ಎರಡು ಪದರ. ಒಳಗ ಬೆಳಕೂ ಬರ್ತೈತಿ, ಗಾಳೀನೂ ಬರ್ತೈತಿ. ಹೊರಗ ನಿಂತವರಿಗೆ ಮಾರಿ ಕಾಣೂದಿಲ್ಲ."

ಹೇಳಿದ ಕೂಡಲೇ ಅವಳಿಗೇ ಅನ್ನಿಸಿತು: ಇಷ್ಟು ಅಸಂಬದ್ಧ ಮಾತನ್ನು ಯಾರು ನಂಬುತ್ತಾರೆ? ಆದರೆ ಆ ಬಲೆಯೇ ಅವರನ್ನು ನಂಬಿಸಿತು. ಇಂಥದ್ದನ್ನು ಮನೆಯಲ್ಲಿ ಕೂತು ಹುಟ್ಟಿಸಲು ಯಾರಿಗೂ ಸಾಧ್ಯವಿಲ್ಲ, ಕಣ್ಣಾರೆ ಕಂಡವರೇ ಹೇಳಬೇಕು ಎಂದು ಕರಬಸಪ್ಪ ತೀರ್ಮಾನಿಸಿಬಿಟ್ಟರು.

"ಅಲ್ಲೆ ನಡದೈತಿ ಅಂದ್ರ ಮುಗೀತು," ಎಂದು ಎದ್ದರು. "ನಮ್ಮ ಹೆಣ್ಮಕ್ಕಳೇನ ಕಡಿಮಿ ಅದಾರ? ಬಲಿ ತರಸ್ರಿ."

ಆನಿಕೆರೆಯಲ್ಲಿ ಮೀನು ಹಿಡಿಯುವ ಭರಮಪ್ಪನಿಗೆ ಕರೆ ಹೋಯಿತು. ಅವನು ಹಳೆಯ ಬಲೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ವಾಚನಾಲಯದ ಕಟ್ಟೆಯ ಮೇಲೆ ಹರವಿದ. ಹುಟ್ಟಿದಂದಿನಿಂದ ಮೀನಿನ ವಾಸನೆಗೆ ಮೂಗು ಕೊಡದ ಕರಬಸಪ್ಪ ಮೂಗಿಗೆ ಪಂಚೆ ಹಿಡಿದು ಮೂರು ಮಾರು ಹಿಂದೆ ಸರಿದರು.

"ಇದು ಬ್ಯಾಡ ಮಾರಾಯಾ! ಹೊಸಾ ನೂಲಿನ್ಯಾಗ ಹೆಣಿ."

"ಹೆಣೀತೇನ್ರಿ ಸಾವ್ಕಾರ್ರ. ಕಣ್ಣು ಎಷ್ಟು ದೊಡ್ಡದಿರ್ಲಿ? ಯಾವ ಮೀನಿಗೆ?"

"ಮೀನಿಗಲ್ಲೋ. ಹೆಣ್ಮಕ್ಕಳು ಓದಾಕ."

ಭರಮಪ್ಪ ಅಧ್ಯಕ್ಷರ ಮುಖ ನೋಡಿದ, ಕಟ್ಟಡ ನೋಡಿದ, ಬಲೆ ನೋಡಿದ. "ನಮ್ಮಪ್ಪನ ಕಾಲದಿಂದ ಬಲಿ ಹೆಣೀತೇವ್ರಿ," ಎಂದ. "ಹಿಂಗ ತಾವ ಬಂದು ಬೀಳೂ ಮೀನ ಇದ ಮೊದಲಾ."

"ನಿನ್ನ ಹೇಣ್ತೀನೂ ಕಳಸಲೇ, ನಗ್ತಿ ಏನು!"

"ಆಕಿಗೆ ಅಕ್ಷರ ಬರೂದಿಲ್ರಿ."

"ಕೇಳಾಕ ಕಿವಿ ಅದಾವಿಲ್ಲೋ?"

ಮೊದಲ ಮಂಗಳವಾರ ಹೆಂಗಸರು ಬರುತ್ತಾರೋ ಇಲ್ಲವೋ ಎಂದು ಸುಶೀಲವ್ವನಿಗೆ ಅನ್ನ ಇಳಿಯಲಿಲ್ಲ. ಹೊನ್ನವ್ವ ಮಾತ್ರ ಹಬ್ಬಕ್ಕೆ ಹೊರಟವರಂತೆ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಪಕ್ಕದ ಮನೆಯ ಗೌಸಬಿಯನ್ನು ಕೂಗಿ ಎಬ್ಬಿಸಿ ಹೊರಟೇಬಿಟ್ಟರು. "ಬಾರವಾ ಗೌಸಬಿ, ಸಮುದ್ರದ ದಂಡಿ ಹೆಂಗಸ್ರು ಹ್ವಾಗ್ತಾರಂತ, ನಾವೇನ ಕೆರಿ ದಂಡ್ಯಾಗ ಇದ್ದೇವೆಂತ ಮನ್ಯಾಗ ಕುಂದರೂದ?" ಆ ಮಾತು ಬೀದಿಯಲ್ಲಿ ಅವರಿಗಿಂತ ಮುಂದೆ ಓಡಿತು. ಬಲೆಯ ಹಿಂದೆ ಜಮಖಾನೆ ಸಾಲದೆ ಚಾಪೆ ತರಿಸಬೇಕಾಯಿತು. ಓದು ಬಂದವರು ಗಟ್ಟಿಯಾಗಿ ಓದಿದರು, ಬಾರದವರು ಕೇಳಿದರು.

ಹೊನ್ನವ್ವ ಕಪಾಟಿನಿಂದ ಒಂದು ಪುಸ್ತಕ ತೆಗೆದುಕೊಂಡು, ಮೊದಲು ಹಿಂದಿನಿಂದ ತೆರೆದು ನೋಡಿದರು.

"ಏನ ನೋಡಾಕತ್ತೀರಿ ಅತ್ಯಾರ?"

"ಕಡೀ ಹಾಳಿ ಐತಿಲ್ಲೋ ಅಂತ," ಎಂದು ಅದನ್ನು ಎದೆಗೆ ಒತ್ತಿಕೊಂಡರು. "ಐತಿ ನೋಡಬೇ! ಎಲ್ಲಾದ್ರಾಗೂ ಐತಿ!"

ವರ್ಷ ತುಂಬುತ್ತ ಬಂತು. ವಾಚನಾಲಯದ ವಾರ್ಷಿಕೋತ್ಸವವನ್ನು ಮಂಗಳವಾರವೇ ಮಾಡಬೇಕೆಂದು ಗೊತ್ತಾಯಿತು. ಒಂದು ದಿನ ಕರಬಸಪ್ಪ ಶಿರಸಿಯ ಪೇಟೆಯಿಂದ ಬಂದವರೇ ಮಹಾಲಿಂಗಪ್ಪನ ಪಡಸಾಲೆಗೆ ನುಗ್ಗಿದರು. ಮುಖದ ತುಂಬ ನಗು.

"ಅಳಿವೆಕೋಟೆ ವಾಚನಾಲಯದ ಬೀರಣ್ಣ ನಾಯಕರು ಶಿರಸ್ಯಾಗ ಸಿಕ್ಕಿದ್ರು. ಮುಖ್ಯ ಅತಿಥಿ ಅಂತ ಕರದ ಬಂದೇನಿ. ಬಲಿ ಸುದ್ದಿ ಮಾತ್ರ ಬಾಯಿ ಬಿಟ್ಟಿಲ್ಲ. ಬಂದು ಕಣ್ಣಾರೆ ನೋಡ್ಲಿ, ಬೆರಗಾಗ್ಲಿ!"

ಒಳಗೆ ಸುಶೀಲವ್ವ ತಂಬಿಗೆಯನ್ನು ಕೆಳಗಿಟ್ಟು ಬಾಗಿಲ ಮರೆಗೆ ಬಂದಳು.

ಬೀರಣ್ಣ ನಾಯಕರನ್ನು ಅವಳು ಬಲ್ಲಳು. ಆ ವಾಚನಾಲಯದಲ್ಲೇ ಕೂದಲು ಹಣ್ಣು ಮಾಡಿಕೊಂಡವರು. ಅದರ ಇತಿಹಾಸವನ್ನು ಕೇಳಿದವರಿಗೂ ಕೇಳದವರಿಗೂ ಹೇಳುವವರು. ಕರಬಸಪ್ಪನವರನ್ನೂ ಬಲ್ಲಳು. ಕಲ್ಲಿನ ವಿಷಯದಲ್ಲಿ ಗುತ್ತಿಗೆದಾರ ಒಂದು ಸುಳ್ಳು ಹೇಳಿದನೆಂದು ತಮ್ಮ ಹೊಲದ ಹೊಸ ಬಾವಿಯ ಕಟ್ಟೆಯನ್ನು ಆ ದಿನವೇ ಕೆಡವಿಸಿದವರು ಅವರು. ಮಂಗಳವಾರ ಮಧ್ಯಾಹ್ನ ತಮ್ಮ ಜಾಗ ಹೋಯಿತೆಂದು ಗೊಣಗುವ ಗಂಡಸರೂ ಕಡಿಮೆಯಿರಲಿಲ್ಲ. ಬೀರಣ್ಣ ಬಾಯಿ ತೆರೆದರೆ ಆ ಸಂಜೆಯೇ ಬಲೆ ಕೆಳಗಿಳಿಯುತ್ತದೆ. ಅತ್ತೆ ಮತ್ತೆ ಒಲೆಯ ಮುಂದೆ, ಹರಿದ ಕಾಗದದ ಕಂತೆಗೆ.

ಅತಿಥಿಗೆ ಊಟ ತಮ್ಮ ಮನೆಯಲ್ಲೇ ಎಂದಾಗ ಒಂದು ಆಸೆ ಹುಟ್ಟಿತು: ಬಡಿಸುವಾಗ ಒಂದು ಮಾತು ಕಿವಿಗೆ ಹಾಕಬಹುದು. ಆದರೆ ಬೀರಣ್ಣ ನಾಯಕರ ಒಂದು ಮಗ್ಗುಲಿಗೆ ಕರಬಸಪ್ಪ, ಇನ್ನೊಂದು ಮಗ್ಗುಲಿಗೆ ಮಹಾಲಿಂಗಪ್ಪ. ಹೋಳಿಗೆ ಹಿಡಿದು ಎಷ್ಟು ಸಲ ಸುತ್ತಿದರೂ ಸಂದು ಸಿಗಲಿಲ್ಲ.

"ಸಾಕು ತಂಗಿ," ಎಂದರು ಬೀರಣ್ಣ ನಗುತ್ತ. "ನೀನು ಅಕ್ಕಿ ಅಂಗಡಿಯವರ ಮಗಳಲ್ಲವಾ? ಅಪ್ಪನ ಕೈ ನಿನಗೂ ಬಂದಿದೆ. ಅವರೂ ಬೇಡ ಅಂದರೂ ಅಳೆಯುತ್ತಲೇ ಇದ್ದರು."

ಮಧ್ಯಾಹ್ನ ವಾಚನಾಲಯ ಕಿಕ್ಕಿರಿಯಿತು. ಮುಂದೆ ಗಂಡಸರು, ಬಲೆಯ ಹಿಂದೆ ಹೆಂಗಸರು. ಬೀರಣ್ಣ ನಾಯಕರು ಕಪಾಟುಗಳನ್ನು ನೋಡುತ್ತ ನೋಡುತ್ತ ಬಲೆಯ ಮುಂದೆ ಬಂದು ನಿಂತರು. ಎರಡು ಬೆರಳಲ್ಲಿ ಅದನ್ನು ಹಿಡಿದು ತಿಕ್ಕಿ ನೋಡಿದರು.

"ಒಳ್ಳೆಯ ಹೆಣಿಗೆ. ನೀರು ಕಂಡಿಲ್ಲ ಇದು. ಯಾಕೆ ಕಟ್ಟಿದ್ದೀರಿ?"

ಕರಬಸಪ್ಪ ಸಭೆಯ ಕಡೆ ತಿರುಗಿ ಕಣ್ಣು ಮಿಟುಕಿಸಿದರು. "ಗುರುತ ಸಿಗಲಿಲ್ಲೇನ್ರಿ? ನಿಮ್ಮೂರದ ಇದು!"

"ನಮ್ಮೂರದ್ದು?"

"ನಿಮ್ಮಲ್ಲೆ ಮಂಗಳವಾರ ಹೆಣ್ಮಕ್ಕಳು ಬಲಿ ಹಿಂದ ಕುಂತು ಓದತಾರಲ್ರಿ? ನಿಮ್ಮೂರ ಮಗಳ ಹೇಳ್ಯಾಳ. ಅದನ್ನ ನಾವು ಒಂದ ಎಳೀನೂ ತಪ್ಪದಂಗ ಮಾಡೇವಿ."

ಬೀರಣ್ಣ ನಾಯಕರ ಹುಬ್ಬು ಮೇಲೇರಿದ್ದನ್ನು ಸುಶೀಲವ್ವ ಬಲೆಯ ಕಣ್ಣಿನಿಂದ ಕಂಡಳು. ಅವರು ಬಾಯಿ ತೆರೆದರು. ಅವಳು ಎದ್ದು ನಿಲ್ಲಲು ನೆಲಕ್ಕೆ ಕೈ ಊರಿದಳು. ಹೇಳಬೇಕಾದ ಮಾತು ರಾತ್ರಿಯಿಂದಲೇ ತಯಾರಿತ್ತು: ಸುಳ್ಳು ನನ್ನದು, ಇವರ ಓದು ಬಿಡಿಸಬೇಡಿ.

ಅಷ್ಟರಲ್ಲಿ ಪಕ್ಕದಲ್ಲಿ ಹೊನ್ನವ್ವ ದನಿ ಎತ್ತಿದರು. ಅವರಿಗೆ ಇದಾವುದೂ ಗೊತ್ತಿರಲಿಲ್ಲ. ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದರು, ಅಷ್ಟೆ.

"ಅಣ್ಣಾರ, ಒಂದ ಮಾತ್ರಿ. ನಿಮ್ಮೂರ ಹೆಂಗಸ್ರಿಗೆ ವಾರಕ್ಕ ಒಂದ ದಿನ ಹೆಂಗ ಸಾಕಾಕ್ಕೈತಿ? ನಮಗಂತೂ ಸಾಲೂದಿಲ್ರಿ. ಶುಕ್ರವಾರನೂ ಬೇಕಾಗೈತಿ."

ಸಭೆ ಗೊಳ್ಳೆಂದಿತು. ಬೀರಣ್ಣ ನಾಯಕರು ಒಳಗಿನವರು ಮಸುಕಾಗಿ ಕಾಣುವಷ್ಟು ಬಲೆಗೆ ಹತ್ತಿರ ಬಂದರು. "ಅಷ್ಟು ಏನು ಓದ್ತೀರಮ್ಮ?"

"ಒಬ್ಬಾಕಿನ್ನ ಹುಡುಕಾಕತ್ತೇನ್ರಿ. ಹೊಳಿ ದಂಡ್ಯಾಗ ನಿಂತಾಕಿ. ಸಕ್ಕರಿ ಕಟ್ಟಿದ ಕಾಗದದಾಗ ಸಿಕ್ಕಿದ್ಲು, ಅರ್ಧಕ್ಕ ಹರದಿತ್ತು. ಯಾವ ಪುಸ್ತಕದಾಗ ಅದಾಳೋ, ಅದಕ್ಕ ಎಲ್ಲಾನೂ ಓದಬೇಕಲ್ರಿ."

ಈಗ ಯಾರೂ ನಗಲಿಲ್ಲ. ಬೀರಣ್ಣ ನಾಯಕರ ಕಣ್ಣು ಹೊನ್ನವ್ವನಿಂದ ಸರಿದು ಪಕ್ಕದಲ್ಲಿ ನೆಲಕ್ಕೆ ಕೈ ಊರಿ ಅರ್ಧ ಎದ್ದಿದ್ದ ಸುಶೀಲವ್ವನ ಮೇಲೆ ನಿಂತಿತು. ಆಮೇಲೆ ಅವರು ಸಭೆಯ ಕಡೆ ತಿರುಗಿದರು.

"ಅಳಿವೆಕೋಟೆ ವಾಚನಾಲಯದ ಇತಿಹಾಸ ಹೇಳಿಕೊಂಡು ತಿರುಗುವವ ನಾನು," ಎಂದರು. "ಬಾಯಿಯವರ ಕಥೆ ಹೇಳಿದ್ದೇನೆ, ಮೂಗರ ಕಥೆ ಹೇಳಿದ್ದೇನೆ. ಹೆಣ್ಣುಮಕ್ಕಳ ಕಥೆ ಮಾತ್ರ ಇದುವರೆಗೆ ಎಲ್ಲಿಯೂ ಹೇಳಿಲ್ಲ. ಅದು ನನ್ನ ಕಡೆಯಿಂದ ಆದ ತಪ್ಪು. ಇನ್ನು ಮೇಲೆ ಹೇಳ್ತೇನೆ." ಕರಬಸಪ್ಪನವರ ಹೆಗಲ ಮೇಲೆ ಕೈ ಇಟ್ಟರು. "ಮತ್ತೆ ಆ ಅಮ್ಮ ಕೇಳಿದ ಶುಕ್ರವಾರ ಕೊಟ್ಟುಬಿಡಿ. ಅಷ್ಟರ ಮಟ್ಟಿಗೆ ನೀವು ನಮಗಿಂತ ಮುಂದೆ."

ಸಮುದ್ರದ ದಂಡೆಯ ಊರಿಗಿಂತ ಮುಂದೆ! ಕರಬಸಪ್ಪ ಹಿಂದೆ ಮುಂದೆ ನೋಡದೆ ಅಲ್ಲಿಯೇ ಶುಕ್ರವಾರವನ್ನೂ ಸಾರಿಬಿಟ್ಟರು. ಎಲ್ಲಿ ನಡೆದಿದೆ ಎಂದು ಕೇಳುವುದನ್ನು ಅವರು ಮರೆತದ್ದು ಜೀವಮಾನದಲ್ಲಿ ಅದೊಂದೇ ಸಲ.

ಗಾಡಿ ಹೂಡುವ ಹೊತ್ತಿಗೆ ಬೀರಣ್ಣ ನಾಯಕರು ಬಾಗಿಲ ತನಕ ಬಂದರು. ಮಹಾಲಿಂಗಪ್ಪ ಎತ್ತಿನ ಬಳಿ ಇದ್ದ.

"ನಿನ್ನ ಅಪ್ಪ ಪುಸ್ತಕ ಹಿಂದಕ್ಕೆ ಕೊಟ್ಟಾಗ ನಡುವೆ ಒಂದೊಂದು ಸಲ ಮಲ್ಲಿಗೆಯ ಎಸಳು ಇರ್ತಿತ್ತು," ಎಂದರು ತಗ್ಗಿದ ದನಿಯಲ್ಲಿ. "ಅಕ್ಕಿ ಅಂಗಡಿಯವರು ಮಲ್ಲಿಗೆ ಮುಡಿಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಮಾಳಿಗೆಗೆ ಬಾ ಅಂತ ನಿನ್ನನ್ನು ಒಂದು ದಿನವೂ ಕರೆಯಲಿಲ್ಲ." ಹೆಗಲ ಚೀಲ ಸರಿಮಾಡಿಕೊಂಡರು. "ಭರಮಪ್ಪನ ಹತ್ತಿರ ಬಲೆಯ ಕಣ್ಣಿನ ಅಳತೆ ಕೇಳಿಕೊಂಡಿದ್ದೇನೆ. ನಮ್ಮೂರಲ್ಲಿ ಬಲೆಗೆ ಬರವಿಲ್ಲ."

ಗಾಡಿ ಹೋದ ಮೇಲೆ ಮಹಾಲಿಂಗಪ್ಪ ಕೇಳಿದ: "ಏನಂತ ನಾಯಕರು?"

"ಅಪ್ಪನ ಸುದ್ದಿ," ಎಂದಳು ಸುಶೀಲವ್ವ. ಅದು ಸುಳ್ಳಾಗಿರಲಿಲ್ಲ.

ಹತ್ತು ವರ್ಷ ಕಳೆಯಿತು. ಬೀರಣ್ಣ ನಾಯಕರು ತೀರಿಕೊಂಡ ಸುದ್ದಿ ಯುದ್ಧದ ನಡುವೆ ಬಂದಿತ್ತು. ಕರಬಸಪ್ಪನವರ ಹಲ್ಲು ಉದುರಿದ್ದವು, ದನಿ ಇಳಿದಿರಲಿಲ್ಲ. ಹೊನ್ನವ್ವ ಕಪಾಟುಗಳನ್ನೆಲ್ಲ ಓದಿ ಮುಗಿಸಿ ಎರಡನೆಯ ಸುತ್ತು ಹಿಡಿದಿದ್ದರು. ಹೊಳೆಯ ದಂಡೆಯವಳು ಸಿಕ್ಕಿರಲಿಲ್ಲ. "ಸಿಗದಿದ್ರ ಚೊಲೋನ ಆತು," ಎನ್ನುತ್ತಿದ್ದರು, "ಸಿಕ್ಕಿದ್ರ ನಾ ಅಲ್ಲಿಗೇ ನಿಂದರ್ತಿದ್ದೆ."

ಆ ವರ್ಷ ಉರ್ದು ಹೆಣ್ಣುಮಕ್ಕಳ ಶಾಲೆಗೆ ಮಾಸೂಮಾ ಎಂಬ ಹೊಸ ಶಿಕ್ಷಕಿ ಬಂದಳು. ಅಳಿವೆಕೋಟೆಯವಳು. ಮೊದಲ ಮಂಗಳವಾರ ವಾಚನಾಲಯದ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದಳು.

"ಅಯ್ಯೋ, ಇದೇ ಆ ಬಲೆ! ನಮ್ಮಲ್ಲೂ ಹೀಗೇ ಇದೆ. ನಾನು ಓದಿದ್ದು ಅದರ ಹಿಂದೆಯೇ ಕೂತು. ಘಟ್ಟದ ಮೇಲಿನ ಹಾನಗಲ್ಲಿನಿಂದ ತಂದ ಪದ್ಧತಿ ಅಂತ ಹೇಳ್ತಾರೆ."

"ಹಾನಗಲ್ಲಿನಿಂದ?" ಹೊರಗಿನ ಕಟ್ಟೆಯ ಮೇಲೆ ಕೂತಿದ್ದ ಕರಬಸಪ್ಪ ಕೋಲೂರಿ ಎದ್ದರು. "ಏ ತಂಗಿ, ಉಲ್ಟಾ ಹೇಳಬ್ಯಾಡ. ಇದು ನಿಮ್ಮಿಂದ ನಮಗ ಬಂದದ್ದು! ಸ್ವಂತ ನಾನ ಕಟ್ಟಿಸೇನಿ."

"ಇಲ್ಲ ಅಜ್ಜಾ, ನಮ್ಮಲ್ಲಿ ಅದು ಬಂದು ಒಂಬತ್ತೇ ವರ್ಷ. ಬೀರಣ್ಣಜ್ಜನೇ ಹೇಳ್ತಿದ್ದರಂತೆ."

"ಅದ ಹೆಂಗಾದೀತು? ನಮ್ಮಕಿಂತ ಹಿಂದ್ಲದ್ದು ಅದು!"

ಮಾತು ಏರಿತು. ಬಲೆಯ ಒಳಗಿನವರೆಲ್ಲ ಓದು ಬಿಟ್ಟು ಕೇಳತೊಡಗಿದರು. ಕೊನೆಗೆ ಕರಬಸಪ್ಪ ಬಲೆಗೆ ಕೋಲು ತಟ್ಟಿದರು. "ಸುಶೀಲವ್ವಾ, ನೀ ಹೇಳಬೇ. ಎಲ್ಲಿಂದ ಎಲ್ಲಿಗೆ ಬಂತು ಇದು?"

ಎಲ್ಲರ ಮುಖಗಳೂ ಅವಳ ಕಡೆ ತಿರುಗಿದವು. ಹೊನ್ನವ್ವ ಮಾತ್ರ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಓದುತ್ತಲೇ ಇದ್ದರು. ಹಾಳೆ ತಿರುವಿದರು. ಸರ್ ಎಂದು ಸಣ್ಣ ಸದ್ದಾಯಿತು.

ಹೇಳಿದರೆ ಈಗ ಯಾವ ಕೇಡೂ ಇರಲಿಲ್ಲ. ಎಲ್ಲರೂ ನಗುತ್ತಿದ್ದರು, ಬಹುಶಃ ಕರಬಸಪ್ಪನವರೂ. ಆದರೆ ಎರಡು ಊರುಗಳು ತಾವು ಇನ್ನೊಬ್ಬರಿಂದ ಕಲಿತೆವು ಎಂದು ಇಷ್ಟು ಅಭಿಮಾನದಿಂದ ಜಗಳವಾಡುವುದನ್ನು ಅವಳು ಎಲ್ಲಿಯೂ ಕಂಡಿರಲಿಲ್ಲ. ಅದನ್ನು ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ. ಮಹಾಲಿಂಗಪ್ಪನಿಗಾಗಲಿ, ಅತ್ತೆಗಾಗಲಿ, ಮುಂದೆ ಹುಟ್ಟುವ ಮೊಮ್ಮಕ್ಕಳಿಗಾಗಲಿ ಇದನ್ನು ಹೇಳಬಾರದೆಂದು ಆ ಗಳಿಗೆಯಲ್ಲೇ ಗಟ್ಟಿ ಮಾಡಿಕೊಂಡಳು.

"ನನಗೇನ ಗೊತ್ತರೀ," ಎಂದಳು. "ಬಾರವಾ ಮಾಸೂಮಾ, ಒಳಗ ಬಾ. ಜಾಗಾ ಐತಿ."